ಮೊದಲ ಬಟ್ಟಲು

ನಿನ್ನೆ ಏಲಕ್ಕಿ ಹುಡುಕುತ್ತಾ ಅಡುಗೆಮನೆಯ ಮೇಲಿನ ಗೂಡಿಗೆ ಕೈ ಹಾಕಿದೆ. ಏಲಕ್ಕಿ ಸಿಗಲಿಲ್ಲ, ಪಚ್ಚಕರ್ಪೂರದ ಸೀಸೆ ಸಿಕ್ಕಿತು. ಹೋಮಿಯೋಪತಿ ಗುಳಿಗೆ ತುಂಬಿ ಕೊಡುತ್ತಾರಲ್ಲ, ಅಂಥ ಹೆಬ್ಬೆರಳುದ್ದದ ಗಾಜಿನ ಸೀಸೆ. ಮುಚ್ಚಳ ತೆಗೆದಿದ್ದೇ ತಡ, ಕೆಲವು ವರ್ಷಗಳ ಹಿಂದಿನ ಇಡೀ ಒಂದು ರಾಮನವಮಿ ಮೂಗಿನೊಳಗೆ ಎದ್ದು ನಿಂತಿತು. ಹಿತ್ತಲಿನಿಂದ ಅಮ್ಮ “ಸಿಕ್ತೇನೇ?” ಎಂದು ಕೂಗಿದಳು. “ಸಿಕ್ತು” ಎಂದುಬಿಟ್ಟೆ. ಸಿಕ್ಕಿದ್ದು ಬೇರೆ, ಅಷ್ಟೆ.

ಪಚ್ಚಕರ್ಪೂರ ಗೊತ್ತಲ್ಲ? ಮಂಗಳಾರತಿ ತಟ್ಟೆಯಲ್ಲಿ ಉರಿಯುವ ಕರ್ಪೂರವಲ್ಲ, ತಿನ್ನುವಂಥದ್ದು. ಗ್ರಂಥಿಗೆ ಅಂಗಡಿಯವರು ಚಿಕ್ಕ ಪೊಟ್ಟಣದಲ್ಲಿ ಕಟ್ಟಿ, ಚಿನ್ನದಂಗಡಿಯವರ ಗತ್ತಿನಲ್ಲಿ ಕೊಡುತ್ತಾರೆ. ಸಕ್ಕರೆ ಪೊಂಗಲ್ಲಿಗೆ ಎಳ್ಳುಕಾಳಿನಷ್ಟು ಬಿದ್ದರೆ ಮನೆಯ ಪೊಂಗಲ್ ದೇವಸ್ಥಾನದ ಪೊಂಗಲ್ ಆಗಿಬಿಡುತ್ತದೆ. ಇನ್ನೊಂದು ಎಳ್ಳುಕಾಳು ಹೆಚ್ಚು ಬಿದ್ದರೆ ಔಷಧಿ. ಅಂದ ಹಾಗೆ, ಇಡೀ ತಪ್ಪಲೆಯಲ್ಲಿ ಒಂದು ಹರಳು ಸಕ್ಕರೆ ಇಲ್ಲದೆ, ಬರೀ ಬೆಲ್ಲದಲ್ಲಿ ಮಾಡಿದ ತಿಂಡಿಗೆ ಸಕ್ಕರೆ ಪೊಂಗಲ್ ಎಂದು ಯಾಕೆ ಕರೆಯುತ್ತಾರೆ ಎಂದು ನಾನು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇನೆ. “ನಿನ್ನ ಹೆಸರು ಉಷಾ. ನೀನು ಯಾವತ್ತಾದ್ರೂ ಬೆಳಗಿನ ಜಾವಕ್ಕೆ ಎದ್ದಿದೀಯಾ?” ಎನ್ನುವುದು ಅಮ್ಮನ ಉತ್ತರ. ಚರ್ಚಾಸ್ಪರ್ಧೆಗಳಲ್ಲಿ ಇಂಥ ಉತ್ತರಕ್ಕೆ ಅಂಕ ಕಳೆಯುತ್ತಾರೆ. ಅಡುಗೆಮನೆಯಲ್ಲಿ ಕಳೆಯುವವರಿಲ್ಲ.

ಹೌದು, ನಾನು ಚರ್ಚಾಸ್ಪರ್ಧೆಯ ಹುಡುಗಿ. ಕಾಲೇಜಿನಲ್ಲಿ ನಮ್ಮ ಮೇಷ್ಟರು ಕಲಿಸಿದ್ದು ಒಂದೇ ಪಾಠ: ಯಾರೇ ಏನೇ ಹೇಳಲಿ, ಮೊದಲು ಯಾಕೆ ಎಂದು ಕೇಳು. ಆ ಪಾಠವನ್ನು ಸಭಾಂಗಣದಲ್ಲೇ ಬಿಟ್ಟು ಬರಬಹುದಿತ್ತು. ನಾನು ಮನೆಗೆ ತಂದೆ. ನಮ್ಮ ಮನೆ ಆಗಲೂ ಈಗಲೂ ಗೋವಿಂದರಾಜನಗರದಲ್ಲಿ, ಒಂದು ದೊಡ್ಡ ಮನೆಯ ಹಿಂಭಾಗದ ಔಟ್‌ಹೌಸು. ಒಂದು ಕೋಣೆ, ಒಂದು ಅಡುಗೆಮನೆ, ನುಗ್ಗೆಮರವಿರುವ ಹಿತ್ತಲು. ಅಷ್ಟು ಪುಟ್ಟ ಮನೆಯಲ್ಲಿ ವಾದ ಮಾಡಲು ಅಮ್ಮನನ್ನು ಬಿಟ್ಟು ಬೇರೆ ಯಾರು ಸಿಗುತ್ತಾರೆ, ನೀವೇ ಹೇಳಿ.

ಅಮ್ಮ ದಿನಕ್ಕೊಂದು ಅಡುಗೆಯ ಕಿವಿಮಾತು ಹೇಳುತ್ತಿದ್ದಳು. ನಾನು ಅದನ್ನು ಪರೀಕ್ಷೆಗೆ ಒಡ್ಡುತ್ತಿದ್ದೆ. ಸಕ್ಕರೆ ಡಬ್ಬಿಯಲ್ಲಿ ಲವಂಗ ಹಾಕಿಟ್ಟರೆ ಇರುವೆ ಬರುವುದಿಲ್ಲ ಎಂದಳು. ನಾನು ಜಗಲಿಯ ಮೇಲೆ ಎರಡು ಚಿಟಿಕೆ ಸಕ್ಕರೆ ಇಟ್ಟು, ಒಂದಕ್ಕೆ ಲವಂಗದ ಕಾವಲು ಹಾಕಿ ಕೂತೆ. ಇರುವೆಗಳು ಬಂದವು, ಲವಂಗವನ್ನು ಸುತ್ತಿ ಬಳಸಿ ಹೋಗಿ ಸಕ್ಕರೆ ಹೊತ್ತುಕೊಂಡು ನಡೆದವು. ಅಮ್ಮನಿಗೆ ತೋರಿಸಿದೆ. “ಡಬ್ಬಿ ಅಂದ್ನೇ ಹೊರತು ಜಗಲಿ ಅಂದ್ನಾ?” ಎಂದಳು. ಬೆಲ್ಲ ಬಿದ್ದ ಮೇಲೆ ಅಕ್ಕಿ ಬೇಯುವುದಿಲ್ಲ, ಮೊದಲೇ ಮೆತ್ತಗೆ ಬೇಯಿಸಿಕೊಳ್ಳಬೇಕು ಎಂದಳು. ಅದೂ ಸುಳ್ಳಿರಬೇಕೆಂದು ಒಂದು ಭಾನುವಾರ ಅರೆಬೆಂದ ಅನ್ನಕ್ಕೆ ಬೆಲ್ಲ ಸುರಿದು ಕುದಿಸಿದೆ, ಕುದಿಸಿದೆ, ಸೀಮೆಎಣ್ಣೆ ಮುಗಿಯುವ ತನಕ ಕುದಿಸಿದೆ. ಅಕ್ಕಿ ಕಾಳು ಕಾಳಾಗಿ, ಹಲ್ಲಿಗೆ ಸಿಕ್ಕಿದ ಮರಳಿನ ಹಾಗೆ ಉಳಿಯಿತು. ಅದರಲ್ಲಿ ಅಮ್ಮ ಗೆದ್ದಳು. ಬೆಲ್ಲ ಹಾಕಿದ ಪಾಯಸ ಕುದಿಯುತ್ತಿರುವಾಗ ಹಾಲು ಹಾಕಿದರೆ ಒಡೆಯುತ್ತದೆ, ಇಳಿಸಿ ಆರಿಸಿ ಹಾಕು ಎಂದಳು. ಅದರಲ್ಲೂ ಅವಳೇ ಗೆದ್ದಳು. ಹುಗ್ಗಿಯನ್ನು ಒಂದೇ ದಿಕ್ಕಿಗೆ ತಿರುವಬೇಕು ಎಂಬುದರಲ್ಲಿ ಮಾತ್ರ ನಾನು ಅಖಂಡವಾಗಿ ಗೆದ್ದೆ. ಅರ್ಧ ಪಾತ್ರೆಯನ್ನು ಬಲಕ್ಕೆ, ಇನ್ನರ್ಧವನ್ನು ಎಡಕ್ಕೆ ತಿರುವಿ ಎರಡೂ ಒಂದೇ ಎಂದು ತೋರಿಸಿದೆ. “ನೀನು ತಿರುವಿದ್ರೆ ಎರಡೂ ಒಂದೇ ಥರ ಕೆಟ್ಟಿರುತ್ತೆ ಬಿಡು” ಎಂದು ಅಮ್ಮ ಸೌಟು ಕಿತ್ತುಕೊಂಡಳು.

ಆದರೆ ಒಂದು ವಿಷಯದಲ್ಲಿ ಯಾವ ಪ್ರಯೋಗಕ್ಕೂ ಅವಕಾಶವಿರಲಿಲ್ಲ. ಅದರ ಒಡತಿ ಅಮ್ಮನಲ್ಲ, ಅಜ್ಜಿ. ಅಪ್ಪನ ತಾಯಿ. ದೇವರ ನೈವೇದ್ಯಕ್ಕೆಂದು ಮಾಡಿದ್ದನ್ನು ದೇವರಿಗೆ ತೋರಿಸುವ ಮೊದಲು ಯಾರೂ ರುಚಿ ನೋಡಕೂಡದು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಮಾಡುವಾಗ ಮಾತೂ ಆಡಕೂಡದು, ಎಂಜಲು ಹಾರುತ್ತದೆ. ಹಬ್ಬದ ಬೆಳಿಗ್ಗೆ ನಮ್ಮ ಅಡುಗೆಮನೆ ನೋಡಬೇಕಿತ್ತು. ಒದ್ದೆ ಸೀರೆಯುಟ್ಟ ಇಬ್ಬರು ಹೆಂಗಸರು ಹುಬ್ಬು, ಬೆರಳು, ಮೂಗುಗಳಲ್ಲೇ ಸಂಸಾರ ನಡೆಸುತ್ತಿದ್ದರು. ಅಮ್ಮ ಗಾಳಿಯಲ್ಲಿ ಉಪ್ಪು ಉದುರಿಸಿದಂತೆ ಬೆರಳಾಡಿಸಿದರೆ ಅಜ್ಜಿ ಉಪ್ಪಿನ ಜಾಡಿ ಸರಿಸುತ್ತಿದ್ದಳು. ಮಡಿಯಲ್ಲಿಲ್ಲದ ನಾನು ಹೊಸ್ತಿಲಾಚೆ ಕೂತು ಇಬ್ಬರ ಪರವಾಗಿಯೂ ಮಾತಾಡುತ್ತಿದ್ದೆ. “ರುಚಿ ನೋಡದೆ ಸರಿಯಾಗಿದೆ ಅಂತ ಹೇಗೆ ಗೊತ್ತಾಗುತ್ತೆ ಅಜ್ಜಿ?” ಎಂದು ಪ್ರತಿ ಹಬ್ಬಕ್ಕೂ ಕೇಳುತ್ತಿದ್ದೆ. ಅಜ್ಜಿ ಮೂಗು ಮುಟ್ಟಿ ತೋರಿಸುತ್ತಿದ್ದಳು. ವಾಸನೆಯಲ್ಲೇ ಗೊತ್ತಾಗುತ್ತದಂತೆ.

ಆ ವರ್ಷದ ರಾಮನವಮಿಗೆ ಬನ್ನಿ. ನಮ್ಮ ಬೀದಿಯಲ್ಲಿ ಸರೋಜಮ್ಮನವರ ಗೇಟಿನ ಮುಂದೆ ಚಪ್ಪರ ಹಾಕಿ, ರಾಮನ ಪಟವಿಟ್ಟು, ಪಾನಕ ಕೋಸಂಬರಿ ಪೊಂಗಲ್ ಹಂಚುವುದು ರೂಢಿ. ಸರೋಜಮ್ಮ ಬೀದಿಯ ಯಜಮಾನಿ. ಬೀದಿಗೆಲ್ಲ ಅವರ ಮನೆಯಲ್ಲೊಂದೇ ಟಿ.ವಿ. ಇದ್ದದ್ದರಿಂದ ಅವರ ಮಾತಿಗೆ ತೂಕ ಇನ್ನೂ ಜಾಸ್ತಿ. ನಾವು ಆ ಬೀದಿಗೆ ಬಂದು ವರ್ಷಗಳಾಗಿದ್ದರೂ ಅವರ ಬಾಯಲ್ಲಿ ಅಮ್ಮನಿಗೆ ಒಂದು ಹೆಸರಿರಲಿಲ್ಲ. “ರೀ ಔಟ್‌ಹೌಸಿನೋರೆ, ಹೆಪ್ಪಿಗೆ ಒಂಚೂರು ಮೊಸರಿದ್ಯಾ?” ಎಂದು ಕಾಂಪೌಂಡಿನಾಚೆಯಿಂದ ಕೇಳುತ್ತಿದ್ದರು. ಅಮ್ಮ ಮೊಸರು ಕೊಟ್ಟು ಒಳಗೆ ಬಂದು ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು. ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಆದರೆ ಪಾತ್ರೆಗಳು ಹೇಳುತ್ತಿದ್ದವು.

ಹಬ್ಬಕ್ಕೆ ಸ್ವಲ್ಪ ಮುಂಚೆ, ಪ್ರತಿವರ್ಷ ಪೊಂಗಲ್ ಮಾಡುತ್ತಿದ್ದ ಅಡುಗೆಯವರು ಯಾವುದೋ ಮದುವೆ ಒಪ್ಪಿಕೊಂಡು ಕೈಕೊಟ್ಟರು. ಬೀದಿಯ ಹೆಂಗಸರೆಲ್ಲ ಚಪ್ಪರದ ಕಂಬದ ಹತ್ತಿರ ಸೇರಿ ಯೋಚಿಸುತ್ತಿದ್ದಾಗ, ಹಿಂದಿನ ಸಾಲಿನಲ್ಲಿದ್ದ ನಮ್ಮಮ್ಮ “ನಾನು ಮಾಡ್ತೀನಿ” ಎಂದಳು. ಎಲ್ಲರೂ ತಿರುಗಿ ನೋಡಿದರು.

“ಇಡೀ ಬೀದೀಗೆ ಕಣ್ರೀ. ಆಗುತ್ತಾ ನಿಮ್ ಕೈಲಿ?” ಎಂದರು ಸರೋಜಮ್ಮ.

“ಆಗುತ್ತೆ.”

ಅಮ್ಮ ಅಷ್ಟು ಚಿಕ್ಕ ವಾಕ್ಯದಲ್ಲಿ ಅಷ್ಟು ದೊಡ್ಡ ಮಾತು ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಮನೆಗೆ ಬಂದವಳೇ ಅಟ್ಟದಿಂದ ದೊಡ್ಡ ಹಿತ್ತಾಳೆ ತಪ್ಪಲೆ ಇಳಿಸಿ, ಹುಣಿಸೇಹಣ್ಣು ಹಾಕಿ ಉಜ್ಜತೊಡಗಿದಳು. ಅದರೊಳಗೆ ಅವಳ ಮುಖ ಕಾಣುವಷ್ಟು ಉಜ್ಜಿದಳು.

ರಾಮನವಮಿಯ ಬೆಳಿಗ್ಗೆ ನುಗ್ಗೆಮರದ ಕೆಳಗೆ ಇಟ್ಟಿಗೆ ಒಲೆ ಹೂಡಿದರು. ತುಪ್ಪದಲ್ಲಿ ಹುರಿದ ಹೆಸರುಬೇಳೆಯ ಘಮ ಕಾಂಪೌಂಡು ಹಾರಿ ಹೋಯಿತು. ಅಕ್ಕಿ ಬೇಳೆ ಮೆತ್ತಗೆ ಬೆಂದವು. ಬೆಲ್ಲ ಕರಗಿಸಿ, ಬಟ್ಟೆಯಲ್ಲಿ ಶೋಧಿಸಿ ಹಾಕಿದರು. ಎಲ್ಲವೂ ನಿಶ್ಶಬ್ದ. ನಾನು ಮುಂದಿನ ಮೆಟ್ಟಿಲ ಮೇಲೆ ಕೂತು ಬರಲಿದ್ದ ಒಂದು ಸ್ಪರ್ಧೆಗೆ ಗಟ್ಟಿಯಾಗಿ ತಯಾರಿ ಮಾಡುತ್ತಿದ್ದೆ. ಇಡೀ ಮನೆಯಲ್ಲಿ ಕೇಳುತ್ತಿದ್ದದ್ದು ನನ್ನ ಗಂಟಲೊಂದೇ.

ಕೊನೆಗೆ ತಪ್ಪಲೆ ಇಳಿಸಿದ ಸದ್ದಾಯಿತು. ನಾನು ಹಿತ್ತಲಿಗೆ ಓಡಿದೆ. ಅಣ್ಣ ರವಿ, ಪೀಣ್ಯದ ಫ್ಯಾಕ್ಟರಿಗೆ ರಜ ಹಾಕಿ ತಪ್ಪಲೆ ಹೊರಲೆಂದೇ ನಿಂತಿದ್ದವನು, ಆಗಲೇ ತೋಳು ಮಡಚುತ್ತಿದ್ದ. ಅಡುಗೆ ಮುಗಿದಿತ್ತು, ಮೌನವೂ ಮುಗಿದಿತ್ತು. ಅಜ್ಜಿ ತೃಪ್ತಿಯಿಂದ ಮೊದಲ ಮಾತಾಡಿದಳು.

“ಕರ್ಪೂರ ಎಷ್ಟು ಹದವಾಗಿ ಬಿತ್ತು ನೋಡು ಪಾರ್ವತಿ. ನನ್ ಕೈ ಇನ್ನೂ ಮರೆತಿಲ್ಲ.”

ಅಮ್ಮನ ಕೈಯಲ್ಲಿದ್ದ ಸೌಟು ನಿಂತಿತು. “ನಿಮ್ ಕೈಯಾ ಅತ್ತೆ? ಕರ್ಪೂರ ಹಾಕಿದ್ದು ನಾನು.”

“ನೀನು ಯಾವಾಗ ಹಾಕ್ದೆ? ನೀನು ಒಳಗೆ ದ್ರಾಕ್ಷಿ ಗೋಡಂಬಿ ಹುರೀತಾ ಇದ್ಯಲ್ಲ, ಆಗ ನಾನು ಹಾಕಿದ್ನಲ್ಲೇ.”

“ಹುರ್ಕೊಂಡು ಬಂದೆ. ನೀವು ದೀಪ ನೋಡೋಕೆ ಹೋಗಿದ್ರಿ. ಸೀಸೆ ಕಲ್ಲಿನ ಮೇಲೇ ಇತ್ತು. ನಾನು ಹಾಕಿದೆ.”

ಇಬ್ಬರೂ ತಪ್ಪಲೆಯನ್ನು ನೋಡಿದರು. ತಪ್ಪಲೆ ಏನೂ ಹೇಳಲಿಲ್ಲ. ಬಾಯಿ ಇದ್ದವರೇ ಬೆಳಿಗ್ಗೆಯಿಂದ ಏನೂ ಹೇಳಿರಲಿಲ್ಲ, ಅದನ್ನು ಅಂದೇನು ಪ್ರಯೋಜನ.

“ನಾನು ಸ್ವಲ್ಪಾನೇ ಹಾಕಿದ್ದು” ಎಂದಳು ಅಜ್ಜಿ.

“ನಾನೂ ಹೆದರಿಕೊಂಡೇ ಹಾಕಿದೆ” ಎಂದಳು ಅಮ್ಮ.

“ಹಾಗಾದ್ರೆ ಸರಿಯಾಗೇ ಇರಬಹುದು ಬಿಡಿ” ಎಂದ ಅಣ್ಣ.

ಇರಬಹುದು. ಇಲ್ಲದೆಯೂ ಇರಬಹುದು. ಅಜ್ಜಿ ಬಗ್ಗಿ ಮೂಸಿದಳು. ಅಮ್ಮ ಮೂಸಿದಳು. ಸೌದೆಯ ಹೊಗೆ ಕುಡಿದು ಕರ್ಪೂರದ ಘಾಟಿನಲ್ಲಿ ನಿಂತಿದ್ದ ಆ ಇಬ್ಬರ ಮೂಗುಗಳೂ ಆಗಲೇ ಸೋತಿದ್ದವು. ಅಮ್ಮನ ಕಣ್ಣು ತುಂಬಿತು. “ಕಹಿಯಾಗಿದ್ರೆ ಅವರೆಲ್ಲ ಉಗೀತಾರೆ ಕಣೇ ಉಷಾ. ಔಟ್‌ಹೌಸಿನೋರು ಮಾಡಿದ್ದು ಅಂತ ಜನ್ಮಪೂರ್ತಿ ಹೇಳ್ತಾರೆ” ಎಂದಳು.

ನನಗೋ ಮೈಯೆಲ್ಲ ಜುಮ್ಮೆಂದಿತು. ಅಮ್ಮನ ಕಷ್ಟಕ್ಕೆ ಮರುಕವಾಗಲಿಲ್ಲವೆಂದಲ್ಲ. ಆದರೆ ಇಷ್ಟು ವರ್ಷ ನಾನು ಹೊಸ್ತಿಲಲ್ಲಿ ಕೂತು ಕೇಳಿದ ಪ್ರಶ್ನೆಗೆ ಕೊನೆಗೂ ಒಂದು ತಪ್ಪಲೆ ತುಂಬ ಆಧಾರ ಸಿಕ್ಕಿತ್ತು! ಗಂಟಲು ಸರಿಮಾಡಿಕೊಂಡೆ.

“ಅಜ್ಜಿ, ಒಂದು ಪ್ರಶ್ನೆ. ದೇವರಿಗೆ ತೋರಿಸೋಕೆ ಮುಂಚೆ ತಿನ್ನಬಾರದು. ಅಷ್ಟೇ ತಾನೆ ನಿಯಮ?”

“ಈಗ ನಿನ್ ಭಾಷಣ ಬೇಕಾಗಿತ್ತಾ?”

“ಹೇಳಜ್ಜಿ. ಅಷ್ಟೇ ತಾನೆ?”

“ಅಷ್ಟೇ.”

“ತೋರಿಸಿದ ಮೇಲೆ ತಿನ್ನಬಹುದು.”

“ತಿನ್ನಲೇಬೇಕು. ಪ್ರಸಾದ ಬೇಡ ಅನ್ನಬಾರದು.”

“ಹಾಗಾದ್ರೆ ಒಂದು ಬಟ್ಟಲಿಗೆ ಒಂದು ಚಮಚ ತೆಗೀರಿ. ನಮ್ಮನೆ ದೇವರಿಗೆ ತೋರಿಸಿ. ಬಟ್ಟಲಲ್ಲಿರೋದು ಪ್ರಸಾದ ಆಯ್ತು. ಅದನ್ನ ನಾನು ತಿಂದು ಹೇಳ್ತೀನಿ. ತಪ್ಪಲೇಲಿರೋದನ್ನ ಯಾರೂ ಮುಟ್ಟಲ್ಲ.”

“ಲಾಯರ್ ಆಗು ಕಣೇ ನೀನು” ಎಂದ ಅಣ್ಣ.

ಎದುರು ಪಕ್ಷದಲ್ಲಿ ಎದ್ದು ನಿಂತದ್ದು ಯಾರು ಗೊತ್ತೇ? ಅಮ್ಮ. ಈ ವಾದ ಗೆದ್ದರೆ ಮಾನ ಉಳಿಯುವುದು ಯಾರದೋ, ಅವಳೇ. “ಅದು ಬೀದಿ ರಾಮನಿಗೆ ಅಂತ ಮನಸ್ಸಲ್ಲಿ ಅಂದ್ಕೊಂಡು ಇಟ್ಟಿರೋದು. ಮೊದಲು ನಮ್ಮನೇಲಿ ತೋರಿಸಿ, ಮಿಕ್ಕಿದ್ದನ್ನ ಅಲ್ಲಿಗೆ ತಗೊಂಡು ಹೋಗೋದಾ? ಅಲ್ಲಿರೋ ರಾಮ ಬೇರೆ, ಇಲ್ಲಿರೋ ರಾಮ ಬೇರೆನಾ?”

ಬಾಯಿ ತೆರೆದೆ. ಬೇರೆ ಎಂದರೆ ಬೀದಿಯ ರಾಮನಿಗೆ ಅವಮಾನ. ಒಬ್ಬನೇ ಎಂದರೆ ಅವನಿಗೆ ಆಗಲೇ ನೈವೇದ್ಯವಾಗಿಹೋಯಿತು, ಚಪ್ಪರಕ್ಕೆ ಹೋಗುವುದು ಮಿಕ್ಕಿದ್ದು. ಎಷ್ಟೋ ಸ್ಪರ್ಧೆಗಳಲ್ಲಿ ನಾನು ಬೇರೆಯವರನ್ನು ಕೂರಿಸಿದ್ದ ಮೂಲೆಗೆ ಅಮ್ಮ ನನ್ನನ್ನು ತಂದು ಕೂರಿಸಿದ್ದಳು. ಸರಿಯಾಗಿ ಅದೇ ಹೊತ್ತಿಗೆ ಪಕ್ಕದ ಮನೆಯಲ್ಲಿ ಕುಕ್ಕರ್ ಕೂಗಿತು. ಸಮಯ ಮುಗಿಯಿತೆಂದು ತೀರ್ಪುಗಾರರು ಗಂಟೆ ಹೊಡೆದಂತೆಯೇ ಕೇಳಿಸಿತು.

ತೀರ್ಪುಗಾರ್ತಿ ಒದ್ದೆ ಸೆರಗು ಹಿಂಡುತ್ತಾ ಯೋಚಿಸುತ್ತಿದ್ದಳು.

“ರಾಮ ಒಬ್ಬನೇ” ಎಂದಳು ಅಜ್ಜಿ. “ಮನೆ ಎರಡು. ನಾನು ಇಲ್ಲಿ ಊಟ ಮಾಡ್ಕೊಂಡು ಕೆಂಗೇರಿ ಉಪನಗರಕ್ಕೆ ನಿಮ್ಮ ಚಿಕ್ಕಪ್ಪನ ಮನೆಗೆ ಹೋಗ್ತೀನಿ. ಅಲ್ಲಿ ತಟ್ಟೆ ಇಟ್ಟರೆ ತಿನ್ನಲ್ವಾ? ತಿನ್ನದೇ ಇದ್ರೆ ಅವನ ಹೆಂಡತಿ ಬೇಜಾರು ಮಾಡ್ಕೋತಾಳೆ. ರಾಮನಿಗೆ ಅಷ್ಟೂ ಮರ್ಯಾದೆ ಗೊತ್ತಿಲ್ವಾ? ತಗೊಂಬಾ ಬಟ್ಟಲು.”

ಅಯ್ಯೋ, ಎಂಥ ಮಾತು! ನನ್ನ ವಾದವನ್ನು ನನ್ನಿಂದಲೇ ಕಸಿದುಕೊಂಡು ಗೆದ್ದು ಕೊಟ್ಟಿದ್ದಳು. ಅಮ್ಮ ಬಟ್ಟಲಿಗೆ ಪೊಂಗಲ್ ತೆಗೆದಳು. ಅಜ್ಜಿ ದೇವರ ಗೂಡಿನ ಮುಂದಿಟ್ಟು, ನೀರು ಸುತ್ತುಗಟ್ಟಿ, ಕಣ್ಣು ಮುಚ್ಚಿ, ತೆರೆದು, ನನ್ನ ಕೈಗಿತ್ತಳು. ಅಮ್ಮ, ಅಜ್ಜಿ ಮಂಗಳಾರತಿಯ ತನಕ ಉಪವಾಸ. ಅಣ್ಣನನ್ನು ನಂಬುವಂತಿಲ್ಲ, ಓದುವಾಗ ಅವನಿಗೆ ಹಾಸ್ಟೆಲ್ ಸಾರೂ ಚೆನ್ನಾಗಿತ್ತು. ಉಳಿದವಳು ನಾನು.

ಬಾಯಿಗಿಟ್ಟೆ. ಮೊದಲು ಬೆಲ್ಲ ಬಂತು. ಆಮೇಲೆ ತುಪ್ಪ, ಹೆಸರುಬೇಳೆ, ಆಹಾ ಎನ್ನುವಷ್ಟರಲ್ಲಿ ನಾಲಿಗೆಯ ಬುಡದಿಂದ ಒಂದು ತಣ್ಣನೆ ಕಹಿ ಎದ್ದು ಮೂಗಿಗೆ ಹತ್ತಿ, ಅಲ್ಲಿಂದ ಹಣೆಗೆ ಹೋಗಿ ಕೂತಿತು.

“ಹೇಗಿದೆ?” ಮೂರೂ ಜನ ಒಟ್ಟಿಗೆ ಕೇಳಿದರು.

“ಚೆನ್ನಾಗಿದೆ” ಎಂದೆ. “ನೆಗಡಿ ಆಗಿರೋರಿಗೆ.”

ಅಮ್ಮ ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಇರಬಹುದು, ಇಲ್ಲದಿರಬಹುದು ಎಂಬುದು ಹೋಗಿ ಕಹಿಯಾಗಿದೆ ಎಂಬುದು ಗೊತ್ತಾಗಿತ್ತಲ್ಲ, ಅಷ್ಟೇ ಸಾಕಾಗಿತ್ತು ಅವಳಿಗೆ. ಸೆರಗು ಸಿಕ್ಕಿಸಿದಳು. “ಕರ್ಪೂರ ತೆಗೆಯೋಕಾಗಲ್ಲ. ಪೊಂಗಲ್ ಬೆಳೆಸಬೇಕು. ಅತ್ತೆ, ಅಕ್ಕಿ ಬೇಳೆ ತೊಳೀರಿ. ಎರಡು ಕುಕ್ಕರ್ ಇಡ್ತೀನಿ, ಗ್ಯಾಸ್ ಮೇಲೊಂದು, ಸ್ಟವ್ ಮೇಲೊಂದು. ಒಲೆ ಮೇಲಿಟ್ಟರೆ ಹೊತ್ತಾಗುತ್ತೆ. ರವಿ, ಓಡೋ, ಬೆಲ್ಲ ತಗೊಂಬಾ, ತುಪ್ಪಾನೂ. ಏಲಕ್ಕಿ ಬೇಡ, ಇನ್ನು ಯಾವ ವಾಸನೇನೂ ಬೇಡ.” ಮೌನದ ನಿಯಮ ನೆನಪಾಗಿ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು, ಅದರ ಹಿಂದಿನಿಂದ “ಮಾತಾಡ್ಕೊಂಡೇ ಮಾಡೇ. ಸುಮ್ನಿದ್ದು ಆಗಿದ್ದು ಸಾಕು” ಎಂದಳು.

ಗ್ಯಾಸ್ ನಮ್ಮ ಮನೆಗೆ ಬಂದದ್ದು ಹೊಸದು. ಅದನ್ನು ಅಷ್ಟು ಜೋರಾಗಿ ಉರಿಸಿದ್ದನ್ನು ನಾನು ಅಂದೇ ನೋಡಿದ್ದು. ಕುಕ್ಕರುಗಳು ಒಂದರ ಮೇಲೊಂದು ಸವಾಲು ಹಾಕಿದಂತೆ ಕೂಗಿದವು. ನಾನು ಹೊಸ್ತಿಲು ದಾಟಿ ಒಳಗೆ ಬಂದದ್ದು, ಬೆಲ್ಲ ಕುಟ್ಟಿದ್ದು ಯಾವುದೂ ಅಜ್ಜಿಯ ಕಣ್ಣಿಗೆ ಬೀಳಲಿಲ್ಲ, ಅಥವಾ ಬಿದ್ದರೂ ಬೀಳದಂತೆ ನೋಡಿಕೊಂಡಳು. ನಡುವೆ ಬಾಗಿಲಲ್ಲಿ ಸರೋಜಮ್ಮನ ದನಿ.

“ಔಟ್‌ಹೌಸಿನೋರೆ, ಆಯ್ತೇನ್ರೀ? ಪೂಜೆ ಶುರುವಾಗಿದೆ.”

ಅಜ್ಜಿ ಸೆರಗು ಸರಿಮಾಡಿಕೊಂಡು ಹೋಗಿ ಬಾಗಿಲು ತುಂಬ ನಿಂತಳು.

“ಆಗಿದೆಯಮ್ಮ. ಜನ ಜಾಸ್ತಿ ಬರ್ತಾರೆ, ಬೀದಿ ಮರ್ಯಾದೆ ಪ್ರಶ್ನೆ ಅಂತ ಇನ್ನೊಂದಿಷ್ಟು ಮಾಡ್ತಾ ಇದಾಳೆ ನಮ್ ಪಾರ್ವತಿ. ಮಡೀಲಿದೀನಿ, ಮುಟ್ಟಬೇಡಿ.”

ಆ ಕೊನೆಯ ಮಾತು ಸರೋಜಮ್ಮನನ್ನು ಗೇಟಿನ ತನಕ ತಳ್ಳಿಕೊಂಡು ಹೋಯಿತು. ಮಡಿಯ ಬಗ್ಗೆ ನನ್ನ ತಕರಾರುಗಳು ಇಂದಿಗೂ ಹಾಗೇ ಇವೆ. ಆದರೆ ಅದರಷ್ಟು ಒಳ್ಳೆಯ ಬಾಗಿಲನ್ನು ಯಾವ ಬಡಗಿಯೂ ಮಾಡಲಾರ.

ಮೆತ್ತಗೆ ಬೆಂದ ಅಕ್ಕಿ ಬೇಳೆ, ಶೋಧಿಸಿದ ಬೆಲ್ಲ, ಧಾರಾಳ ತುಪ್ಪ. ಎಲ್ಲವನ್ನೂ ತಪ್ಪಲೆಗೆ ಸುರಿದು ಅಮ್ಮ ತಿರುವಿದಳು. ಬಲಕ್ಕೆ ತಿರುವಿದಳು, ಎಡಕ್ಕೂ ತಿರುವಿದಳು. ನಾನು ನೋಡಿದೆ, ಸುಮ್ಮನಿದ್ದೆ. ತಪ್ಪಲೆ ಕಂಠದವರೆಗೆ ಬಂತು.

“ಬಟ್ಟಲು” ಎಂದಳು ಅಜ್ಜಿ.

“ಮತ್ತೆ ನೈವೇದ್ಯಾನಾ?”

“ಇಡಬೇಡ್ವಾ? ಪಾಪ, ಅವನು ಮೊದಲನೇದರಲ್ಲಿ ಬಾಯಿ ಕಹಿ ಮಾಡ್ಕೊಂಡು ಕೂತಿದಾನೆ.”

ಎರಡನೆಯ ಬಟ್ಟಲು ನನ್ನ ಬಾಯಿಗೆ ಬಂದಾಗ ನಾನು ಕಣ್ಣು ಮುಚ್ಚಿದೆ. ಬೆಲ್ಲ, ತುಪ್ಪ, ಬೇಳೆ. ಕಾದೆ. ಆ ತಣ್ಣನೆಯದು ನಾಲಿಗೆಯ ಬುಡದಲ್ಲಿ ಎದ್ದಿತು, ಆದರೆ ಈ ಸಲ ಮೆಲ್ಲಗೆ, ದೇವಸ್ಥಾನದ ಒಳಗಿನ ಕಲ್ಲಿನ ತಂಪಿನ ಹಾಗೆ ಬಂದು ಹೋಯಿತು. ನಾನು ಏನೂ ಹೇಳದೆ ಬಟ್ಟಲು ನೆಕ್ಕಿದೆ. ಅಷ್ಟು ಚಿಕ್ಕ ಭಾಷಣಕ್ಕೆ ಅಷ್ಟು ದೊಡ್ಡ ಬಹುಮಾನ ನನಗೆ ಆಮೇಲೂ ಸಿಕ್ಕಿಲ್ಲ. ಅಮ್ಮ ನಕ್ಕಳು.

ಅಣ್ಣ ಮತ್ತು ಚಪ್ಪರದ ಕೆಲಸ ಮುಗಿಸಿ ಬಂದ ಅಪ್ಪ ಹಗ್ಗ ಕಟ್ಟಿ ತಪ್ಪಲೆ ಹೊತ್ತರು. ಚಪ್ಪರದಲ್ಲಿ ಮಂಗಳಾರತಿಯಾಯಿತು. ಅಮ್ಮ ದೊನ್ನೆಗಳಿಗೆ ಬಡಿಸುತ್ತಾ ಒಬ್ಬೊಬ್ಬರ ಮುಖವನ್ನೂ ಕಳ್ಳಗಣ್ಣಿಂದ ನೋಡುತ್ತಿದ್ದಳು. ಸರೋಜಮ್ಮ ಒಂದು ತುತ್ತು ತಿಂದರು. ನಿಂತರು. ಬೆಲ್ಲ, ತುಪ್ಪ, ಬೇಳೆ ಎಂದು ನಾನು ಮನಸ್ಸಿನಲ್ಲೇ ಎಣಿಸಿದೆ. ಈಗ ಕರ್ಪೂರ. ಅವರು ದೊನ್ನೆ ಖಾಲಿ ಮಾಡಿ ಮತ್ತೆ ಮುಂದೆ ಚಾಚಿದರು.

“ಪಾರ್ವತಮ್ಮ, ಇನ್ನೊಂಚೂರು ಹಾಕ್ರೀ. ಏನ್ರೀ ಅದು ಘಮ! ಮುಂದಿನ ವರ್ಷಾನೂ ನೀವೇ ಮಾಡ್ಬೇಕು, ಹೇಳಿದೀನಿ.”

ಅಮ್ಮ ಹಾಕಿದಳು. ದೊನ್ನೆ ತುಂಬಿ, ಉಕ್ಕಿ, ಸರೋಜಮ್ಮನ ರೇಷ್ಮೆ ಸೀರೆಗೆ ತಾಗುವ ತನಕ ಹಾಕಿದಳು. ಆ ರಾತ್ರಿ ನಮ್ಮ ಮನೆಯ ಪಾತ್ರೆಗಳು ಸದ್ದೇ ಮಾಡಲಿಲ್ಲ.

ಅಂದಿನಿಂದ ಪ್ರತಿ ಹಬ್ಬಕ್ಕೂ, ಒಬ್ಬಟ್ಟಿನ ಹೂರಣವಿರಲಿ ಗಸಗಸೆ ಪಾಯಸವಿರಲಿ, ನಮ್ಮಲ್ಲಿ ಮೊದಲ ಬಟ್ಟಲು ಎಂಬುದೊಂದು ಏರ್ಪಾಡಾಯಿತು. ತೋರಿಸು, ರುಚಿ ನೋಡು, ಸರಿಮಾಡು, ಆಮೇಲೆ ದೊಡ್ಡ ನೈವೇದ್ಯ. ನನ್ನ ಪಾಲಿಗೆ ಅದು ಅಡುಗೆಮನೆಯಲ್ಲಿ ವಿಚಾರವಂತಿಕೆಯ ದಿಗ್ವಿಜಯ. ಕಾಲೇಜಿನಲ್ಲಿ ಯಾರ ಮುಂದೆ ಕೊಚ್ಚಿಕೊಂಡಿಲ್ಲ ಹೇಳಿ.

ಈಗ ನಿನ್ನೆಗೆ ಬರೋಣ. ನಿನ್ನೆಯೂ ರಾಮನವಮಿ. ನಾನು ಸೀಸೆ ಹಿಡಿದು ಹಿತ್ತಲಿಗೆ ಹೋದಾಗ ತಪ್ಪಲೆ ಕುದಿಯುತ್ತಿತ್ತು. ಹೊಸದಾಗಿ ನಮ್ಮ ಮನೆಗೆ ಬಂದಿರುವ ಅತ್ತಿಗೆ, ಅಣ್ಣನ ಹೆಂಡತಿ ಗೀತಾ, ಅಮ್ಮನ ಪಕ್ಕದಲ್ಲಿ ನಿಂತಿದ್ದರು. ಬಸವೇಶ್ವರನಗರದ ಹುಡುಗಿ, ಲೆಕ್ಕದಲ್ಲಿ ಜಾಣೆ. ಇನ್ನೂ ನಮ್ಮ ಮನೆಯ ಸದ್ದುಗಳನ್ನು ಕಲಿಯುತ್ತಿದ್ದರು. ಅಮ್ಮ ಕರ್ಪೂರ ಹಾಕಿ, ಬಟ್ಟಲಿಗೆ ತೆಗೆದು, ಅಜ್ಜಿಯಿಂದ ದೇವರಿಗೆ ತೋರಿಸಿ ತಂದು ಸೊಸೆಯ ಕೈಗಿಟ್ಟಳು.

“ಅತ್ತೆ, ಇದ್ಯಾಕೆ ಮೊದಲೇ ಒಂದು ಬಟ್ಟಲಲ್ಲಿ? ನಮ್ಮ ತಾಯಿ ಮನೇಲಿ ಹೀಗೆ ಮಾಡಲ್ಲ” ಎಂದರು ಅತ್ತಿಗೆ.

“ಇದು ನಮ್ಮನೆ ಪದ್ಧತಿ ಕಣಮ್ಮ.”

“ಯಾಕೆ ಅಂತ?”

“ಯಾಕೆ ಗೀಕೆ ಎಲ್ಲ ಇಲ್ಲ” ಎಂದಳು ಅಜ್ಜಿ. “ಮೊದಲಿಂದಲೂ ನಡ್ಕೊಂಡು ಬಂದಿದೆ. ನಮ್ಮತ್ತೆ ಕಾಲದಿಂದ.”

ಅಮ್ಮ ತಿರುಗಿ ಕೊಟ್ಟಿದ್ದ ಸೀಸೆ ನನ್ನ ಕೈಯಲ್ಲೇ ಇತ್ತು. ಅಜ್ಜಿಯ ಮುಖ ನೋಡಿದೆ. ಸುಳ್ಳಿನ ಎಳೆಯೂ ಇರಲಿಲ್ಲ. ಪೂರ್ತಿ ನಂಬಿದ್ದಳು. ಅಮ್ಮನೂ ತಲೆಯಾಡಿಸುತ್ತಿದ್ದಳು. ನನ್ನ ದಿಗ್ವಿಜಯಕ್ಕೆ ಕುಂಕುಮ ಹಚ್ಚಿ, ಗೂಡಿನಲ್ಲಿಟ್ಟು ಬಾಗಿಲು ಹಾಕಿಬಿಟ್ಟಿದ್ದರು.

ಅತ್ತಿಗೆ ನನ್ನ ಕಡೆ ತಿರುಗಿದರು. “ಉಷಾ, ನೀವು ಎಲ್ಲದಕ್ಕೂ ಯಾಕೆ ಅಂತ ಕೇಳ್ತೀರಂತೆ. ನೀವಾದ್ರೂ ಹೇಳಿ. ಇದಕ್ಕೇನಾದ್ರೂ ಅರ್ಥ ಇದ್ಯಾ?”

ಹೇಳಬಹುದಿತ್ತು. ಎಲ್ಲ ಆಧಾರಗಳೂ ನನ್ನ ಬಳಿಯೇ ಇದ್ದವು, ಒಂದು ಕೈಯಲ್ಲೇ ಇತ್ತು. ಆದರೆ ಬಾಯಿ ತೆರೆದಾಗ ಬಂದದ್ದು, ನಂಬಿ, ಈ ಮಾತು:

“ಹಬ್ಬದ ದಿನ ಪ್ರಶ್ನೆ ಎಲ್ಲ ಯಾಕೆ ಅತ್ತಿಗೆ? ದೊಡ್ಡೋರು ಹೇಳಿದಾರೆ, ಸುಮ್ನೆ ತಿನ್ನಿ.”

ಅಣ್ಣ ಕೆಮ್ಮಿದ. ಅಮ್ಮ ಸೌಟಿನ ಹಿಂದೆ ಮುಖ ಮರೆಸಿಕೊಂಡಳು. ಅತ್ತಿಗೆ ಬಟ್ಟಲು ಹಿಡಿದೇ ಇದ್ದರು, ಬಾಯಿಗಿಡಲಿಲ್ಲ.

“ಇಲ್ಲ. ಮೊದಲು ಯಾಕೆ ಅಂತ ಹೇಳಿ. ಆಮೇಲೆ ತಿಂತೀನಿ.”

ಆ ಮಾತು ಕಿವಿಗೆ ಬಿದ್ದ ಕ್ಷಣದ ಸುಖವನ್ನು ಹೇಗೆ ಹೇಳಲಿ! ನುಗ್ಗೆಮರದ ಕೆಳಗೆ ಒಂದು ಮಣೆ ಎಳೆದು ಅತ್ತಿಗೆಗೆ ಹಾಕಿದೆ. ಎದುರಿಗೆ ನನಗೊಂದು ಹಾಕಿಕೊಂಡೆ.

“ಅಮ್ಮ, ತಪ್ಪಲೆ ಇಳಿಸಿಡು” ಎಂದೆ. “ಇದು ಸ್ವಲ್ಪ ಹೊತ್ತು ಹಿಡಿಯುತ್ತೆ.”